ಪೋಲಿ ಪದದ ಕಾರ್ಡು

ಮನೆಗೆ ಬಂದ ಮೇಲೆ ಚೀಲ ಬಿಚ್ಚಿ ಕಾರ್ಡುಗಳನ್ನು ಮತ್ತೊಮ್ಮೆ ನೋಡುವ ಚಾಳಿ ನನಗೆ ಕೆಲಸಕ್ಕೆ ಸೇರಿದ ವಾರದಲ್ಲೇ ಅಂಟಿತು. ನಿವೃತ್ತನಾಗಿ ಚೀಲವನ್ನು ಕಚೇರಿಗೆ ಒಪ್ಪಿಸಿದ ಮೇಲೂ ಬಿಟ್ಟಿಲ್ಲ. ಈಗ ನೋಡಲು ಕಾರ್ಡುಗಳಿಲ್ಲ, ಮಾರ್ಕೆಟ್ಟಿನಿಂದ ತಂದ ತರಕಾರಿಯನ್ನೇ ಎರಡು ಸಲ ತೆಗೆದು ನೋಡುತ್ತೇನೆ. ಹೆಂಡತಿ ಬೈಯುತ್ತಾಳೆ. ನಾನು ಹುಟ್ಟಾ ಪುಕ್ಕಲ ಎಂದು ಅವಳ ಅಭಿಪ್ರಾಯ. ಹುಟ್ಟಾ ಅಲ್ಲ, ಕೆಲಸ ನನ್ನನ್ನು ಹಾಗೆ ಮಾಡಿದ್ದು ಎಂದು ನನ್ನ ಅಭಿಪ್ರಾಯ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಓದಿ ತೀರ್ಮಾನಿಸಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಒಂದು ನಿಘಂಟಿನ ಕಚೇರಿಯಲ್ಲಿ ಪದ ಸಂಗ್ರಹಿಸುವವನಾಗಿದ್ದೆ. ಪುಸ್ತಕದಲ್ಲಿ ಸಿಗದ, ಬಾಯಲ್ಲಿ ಮಾತ್ರ ಇರುವ ಮಾತುಗಳನ್ನು ಊರೂರು ತಿರುಗಿ ಕೇಳಿ ಕಾರ್ಡಿಗೆ ಇಳಿಸಬೇಕು. ಒಂದು ಪದಕ್ಕೆ ಒಂದು ಕಾರ್ಡು. ಪದ, ಅರ್ಥ, ಬಳಸಿದ ವಾಕ್ಯ, ಹೇಳಿದವರ ಹೆಸರು, ವಯಸ್ಸು, ಊರು. ನನ್ನ ಪಾಲಿಗೆ ಬಂದದ್ದು ಕೊಳ್ಳೇಗಾಲ, ಹನೂರು, ಯಳಂದೂರಿನ ಸೀಮೆ. ಕೊಳ್ಳೇಗಾಲದಲ್ಲಿ ನೇಕಾರರ ಬೀದಿಯ ಹಿಂದೆ ಒಂದು ಕೋಣೆ ಕೊಟ್ಟಿದ್ದರು. ಬೆಳಗಾದರೆ ಮಗ್ಗದ ಸದ್ದು. ಆ ಸದ್ದಿಗೆ ಸರಿಯಾಗಿ ನನ್ನ ಎದೆಯೂ ಅವಲಕ್ಕಿ ಕುಟ್ಟುತ್ತಿತ್ತು, ಇವತ್ತು ಯಾರು ಏನೆಂದು ಓಡಿಸುತ್ತಾರೋ ಎಂದು.

ಓಡಿಸುತ್ತಿದ್ದದ್ದೂ ನಿಜ. ಯಳಂದೂರು ಕಡೆಯ ಒಂದು ಊರಿನಲ್ಲಿ ನಾನು ಕಾರ್ಡು ತೆಗೆದು “ಅಮ್ಮ, ನಿಮ್ಮ ಹೆಸರು, ವಯಸ್ಸು” ಎಂದು ಕೇಳಿದ್ದೇ ತಡ, ಬೀದಿಯ ಹೆಂಗಸರೆಲ್ಲ ಒಳಗೆ ಹೋಗಿ ಕದ ಹಾಕಿಕೊಂಡರು. ಸಂತಾನಹರಣದ ಆಪರೇಷನ್ನಿಗೆ ಹೆಸರು ಬರೆದುಕೊಳ್ಳಲು ಬಂದವನು ಅಂದುಕೊಂಡಿದ್ದರು. ಬೀದಿಯಲ್ಲಿ ಉಳಿದವನು ದನ ಕಾಯುವ ಒಬ್ಬ ಮುದುಕ. ಅವನಿಗೆ ಆಪರೇಷನ್ನಿನ ಭಯವಿರಲಿಲ್ಲ. ಇಡೀ ಮಧ್ಯಾಹ್ನ ದನದ ಮಾತುಗಳನ್ನೇ ಹೇಳಿದ.

“ಗೂಟ ಕಿತ್ಕಂಡು ಕಂಡೋರ ಒಲಕ್ಕ ನುಗ್ತದಲ್ಲ ಸಾ, ಅದ ಪೋಲಿ ದನ ಅಂತೀವಿ.”

“ಅದು ಕೆಟ್ಟ ದನವಾ?”

“ದನ ಯಾಕ ಕೆಟ್ಟದಾದ್ದು? ಕಟ್ದೋನು ಸರ್ಯಾಗಿ ಕಟ್ನಿಲ್ಲ, ಅಷ್ಟೇಯ.”

ಅದನ್ನು ಕಾರ್ಡಿಗೆ ಇಳಿಸಿ ಮರೆತೆ. ಅವನು ಹೇಳಿದ ಎರಡನೆಯ ಮಾತು ಕಾರ್ಡಿನಲ್ಲಿ ಹಿಡಿಸಲಿಲ್ಲ, ಬಿಟ್ಟೆ. ಅದು ನನ್ನನ್ನು ಹುಡುಕಿಕೊಂಡು ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ನಮ್ಮ ಸಂಪಾದಕರನ್ನು ನಾವೆಲ್ಲ ದೊಡ್ಡ ಮೇಷ್ಟ್ರು ಎನ್ನುತ್ತಿದ್ದೆವು. ಬಿಳಿ ಪಂಚೆ, ಕೆಂಪು ಶಾಯಿಯ ಪೆನ್ನು. ಅವರದೊಂದು ಕಟ್ಟುನಿಟ್ಟು: ಎರಡು ಊರಿನ ಸಾಕ್ಷಿ ಇಲ್ಲದ ಪದ ಕಾರ್ಡಾಗದು. ಒಂದೂರಿನಲ್ಲಿ ಸಿಕ್ಕಿದ್ದನ್ನು ಇನ್ನೊಂದೂರಿಗೆ ಒಯ್ದು, ಏನೂ ಹೇಳಿಕೊಡದೆ ಕೇಳಿಸಿ, “ಇದಕ್ಕೆ ನಿಮ್ಮಲ್ಲಿ ಏನಂತೀರಿ” ಎಂದು ಕೇಳಬೇಕು. ಒಳ್ಳೆಯ ಕ್ರಮ. ನೀವೂ ಪಾಲಿಸಿ. ಆದರೆ ನಾನು ಮುಂದೆ ಹೇಳುವುದನ್ನು ಓದಿದ ಮೇಲೆ ಪಾಲಿಸಿ.

‘ಪೋಲಿ ಪದ’ ಎಂಬ ಮಾತು ಮೇಷ್ಟ್ರ ಕೈಗೆ ಬಂದದ್ದು ಹೇಗೋ ತಿಳಿಯದು. ಅಶ್ಲೀಲವಾದ ತಮಾಷೆ ಹಾಡು ಎಂದು ಅರ್ಥ ಬರೆದಿಟ್ಟಿದ್ದರು. ಮೂಲದ ಬಗ್ಗೆ ಅವರಿಗೇ ಅನುಮಾನ. ಪೋಲು ಮಾಡುವುದು ಎಂಬುದರಿಂದ ಬಂದಿರಬೇಕು, ಮಾತನ್ನು ಪೋಲು ಮಾಡುವ ಹಾಡು ಎಂದು ಅವರ ವಾದ. ತಮಿಳು ಬಲ್ಲ ಸಹೋದ್ಯೋಗಿಯೊಬ್ಬರು, ತಮಿಳಿನಲ್ಲಿ ಪೋಲಿ ಅಂದರೆ ನಕಲಿ, ಅಣಕ; ಗಡಿ ಸೀಮೆಯಲ್ಲವೇ, ಅಣಕಿಸುವ ಹಾಡು ಎಂದಿರಬೇಕು ಎಂದರು. ಎತ್ತು ಏರಿಗೆ, ಕೋಣ ನೀರಿಗೆ. “ನಿಮ್ಮ ಸೀಮೆಯಲ್ಲಿ ಮದುವೆಗಳಲ್ಲಿ ಹೇಳುತ್ತಾರಂತೆ. ಹೋಗಿ ಹಾಡಿನ ಸಮೇತ ತನ್ನಿ” ಎಂದು ಮೇಷ್ಟ್ರು ಟೇಪ್ ರೆಕಾರ್ಡರ್ ಕೊಟ್ಟು ಕಳಿಸಿದರು. ಎಂಬತ್ತರ ದಶಕದ ಮೊದಲ ವರ್ಷಗಳು. ಆ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಯಾರಾದರೂ ಕಾಲು ತಾಗಿಸಿಯಾರೆಂದು ಹೆದರಿ, ನಿಲ್ದಾಣ ಬರುವವರೆಗೂ ಕಣ್ಣು ಮುಚ್ಚದೆ ಕೂತವನು ನಾನು.

ಕಾಮಗೆರೆಯ ಒಂದು ಮದುವೆಗೆ ಹೋದೆ. ಹುಡುಗಿಯ ಹೆಸರು ರತ್ನ. ಧಾರೆ ಮುಗಿದು ಬೀಗರು ಚಪ್ಪರದಲ್ಲಿ ಕೂತಿದ್ದಾಗ ರತ್ನನ ಸೋದರತ್ತೆ ಚಿಕ್ಕತಾಯಮ್ಮ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಬಂದು ಕೂತರು. ಹಿಂದೆ ನಾಲ್ಕೈದು ಹೆಂಗಸರು. ಗಂಡಿನ ತಾಯಿಯ ಮೇಲೆ ಪದ ಹಿಡಿದರು ನೋಡಿ! ಆಕೆಯ ಎಡಗಾಲು ಎಳೆಯುವ ನಡಿಗೆಯಿಂದ ಶುರುವಾಗಿ, ಹಲ್ಲಿಗೆ ಬಂದು, ಬಡಿಸುವ ಕೈಗೆ ಬಂದು, ಆಮೇಲೆ ನಾನು ತಲೆ ತಗ್ಗಿಸಬೇಕಾದ ಸಂಗತಿಗಳಿಗೆಲ್ಲ ಬಂತು. ಇಡೀ ಚಪ್ಪರ ನಗೆಯಲ್ಲಿ ಅಲ್ಲಾಡಿತು. ಆ ತಾಯಿಯೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಪಕ್ಕದಲ್ಲಿದ್ದ ಗಂಡಸೊಬ್ಬ ನನ್ನ ಭುಜ ತಟ್ಟಿ, “ಪೋಲಿ ಪದ ಕಣ್ರಿ, ಚೆನ್ನಾಗಿ ಇಡ್ಕಳಿ” ಎಂದ. ನನಗೆ ಬೇಕಾದದ್ದು ಸಿಕ್ಕಿತು. ಕ್ಯಾಸೆಟ್ ಉಳಿಸಬೇಕು, ಮಾದರಿ ಸಾಕು ಎಂದು ಗುಂಡಿ ಒತ್ತಿ ನಿಲ್ಲಿಸಿದೆ. ಬಸ್ಸು ತಪ್ಪೀತೆಂದು ಎದ್ದೂ ಬಿಟ್ಟೆ. ಕ್ಯಾಸೆಟ್ಟಿನ ಮೇಲೆ ‘ಪೋಲಿ ಪದ, ಕಾಮಗೆರೆ, ಹಾಡಿದವರು ಚಿಕ್ಕತಾಯಮ್ಮ’ ಎಂದು ಬರೆದೆ.

ಫಾರಂನಲ್ಲಿ ಹಾಡಿದವರ ಹೆಸರಿಗೆ ಕಾಲಂ ಇತ್ತು. ಹಾಡಿಸಿಕೊಂಡವರ ಹೆಸರಿಗೆ ಇರಲಿಲ್ಲ. ಹಾಗಾಗಿ ಗಂಡಿನವರು ಎಲ್ಲಿಯವರು, ಆ ತಾಯಿಯ ಊರು ಯಾವುದು ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮೂರು ತಿಂಗಳ ಮೇಲೆ ಎರಡನೆಯ ಸಾಕ್ಷಿಗೆಂದು ಬೆಟ್ಟದ ಬಸ್ಸು ಹತ್ತಿದೆ. ಹನೂರು ದಾಟಿ ಕೌದಳ್ಳಿಯಲ್ಲಿ ಇಳಿದೆ. ಇಳಿಯಲು ಕಾರಣ, ಆ ಊರಿನಲ್ಲಿ ಅಂಗಡಿಗಳಿವೆ, ಜನ ಸೇರುತ್ತಾರೆ ಎಂಬುದಷ್ಟೆ. ಟೀ ಅಂಗಡಿಯ ಜಗುಲಿಯ ಮೇಲೆ ಪೆಟ್ಟಿಗೆ ಇಟ್ಟು, “ಇದಕ್ಕೆ ನಿಮ್ಮ ಕಡೆ ಏನಂತೀರಿ, ಕೇಳಿ ಹೇಳಿ” ಎಂದೆ. ಇಪ್ಪತ್ತು ಜನ ಸೇರಿದರು. ಚಿಕ್ಕತಾಯಮ್ಮನ ಗಂಟಲು ಏರಿತು. ಮೊದಲ ಪದಕ್ಕೆ ನಕ್ಕರು. ಎರಡನೆಯದಕ್ಕೆ ಒಬ್ಬ ಇನ್ನೊಬ್ಬನ ತೊಡೆ ಚಿವುಟಿದ. “ಲೇ, ಇದು ನಮ್ ಕೆಂಪಮ್ಮನ್ ಮ್ಯಾಲಲ್ವೇನ್ಲಾ!” ಎಂದು ಯಾರೋ ಕೂಗಿದ.

ಎದುರಿನ ಬೋರ್‌ವೆಲ್ ಬಳಿ ಒಬ್ಬಳು ಕೊಡವನ್ನು ಹಾಗೇ ಬಿಟ್ಟು ನನ್ನ ಕಡೆ ನೋಡುತ್ತ ನಿಂತಿದ್ದಳು. ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಮದುವಣಗಿತ್ತಿ ರತ್ನ. ಅವಳ ಹಿಂದೆ, ಎಡಗಾಲು ಎಳೆಯುತ್ತ ಬರುತ್ತಿದ್ದವರು ಅವಳ ಅತ್ತೆ ಕೆಂಪಮ್ಮ. ಮದುವೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಅದೇ ಹೆಂಗಸು. ಈ ದಿನ ನಗಲಿಲ್ಲ. ನಿಲ್ಲಿಸಲು ಹೋದ ನನ್ನ ಬೆರಳು ಬೇರೆ ಗುಂಡಿಗೆ ಬಿತ್ತು, ದನಿ ಇನ್ನೂ ಜೋರಾಯಿತು. ನಿಲ್ಲಿಸಿದಾಗ ಕೆಂಪಮ್ಮ ಸೊಸೆಯನ್ನು ನೋಡಿದರು, ತಿರುಗಿ ಹೋದರು. ನಾನು ಟೀ ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದೆ. ಸಾಕ್ಷಿ ಬರೆದುಕೊಳ್ಳಲಿಲ್ಲ.

ಆಮೇಲಿನ ಎರಡು ವಾರ ನನಗೆ ಅನ್ನ ಸೇರಲಿಲ್ಲ. ಏನೂ ಆಗಿರಲಾರದು, ಹಳ್ಳಿಯವರು ನಕ್ಕು ಮರೆಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಷ್ಟೂ ಆ ಹುಡುಗಿ ಕೊಡ ಬಿಟ್ಟು ನಿಂತದ್ದೇ ಕಾಣುತ್ತಿತ್ತು.

ಒಂದು ಬೆಳಗ್ಗೆ ಕೋಣೆಯ ಮೆಟ್ಟಿಲ ಮೇಲೆ ಚಿಕ್ಕತಾಯಮ್ಮ ಕೂತಿದ್ದರು. ಹೊಸ ಪದ ಹೇಳಲು ಬಂದರೆಂದು ನನಗೆ ಜೀವ ಬಂದ ಹಾಗಾಯಿತು. “ಬನ್ನಿ ಬನ್ನಿ” ಎಂದೆ.

“ಪದ ಬರ್ಸಕ ಬಂದಿಲ್ಲ. ಆ ಮಿಶಿನ್ನು ತಿರುಗ್ಸು, ಕೇಳ್ಬೇಕು.”

ಹಾಕಿದೆ. ತಮ್ಮ ದನಿಯನ್ನು ತಾವೇ ಮುಖ ಗಂಟಿಕ್ಕಿಕೊಂಡು ಕೇಳಿದರು. ಟೇಪು ಮುಗಿದು ಬರಿ ಸರಸರ ಸದ್ದು ಬಂತು.

“ಕೆಂಪಿ ತಿರುಗ್ಸಿ ಆಡಿದ್ದೆಲ್ಲಿ?”

“ಅವರು ಹಾಡಿದರೇ?”

“ಆಡ್ನಿಲ್ವ! ನನ್ ಮಖದ ನೀರಿಳಿಸ್ಬುಟ್ಲು. ನಮ್ಮೋರೇ ಬಿದ್ ಬಿದ್ ನಕ್ರು. ನಾ ಎರಡಾಡಿದ್ರ ಅವ್ಳು ನಾಕಾಡಿದ್ಲು. ಆಮೇಲ ಇಬ್ರೂ ಎಲಡಿಕ ಆಕಂಡು ಎದ್ವಿ. ಅದೆಲ್ಲಿ ಮಡ್ಗಿದೈ?”

“ನಿಲ್ಲಿಸಿಬಿಟ್ಟಿದ್ದೆ” ಎಂದೆ. “ಸಾಕು ಅನ್ನಿಸಿತು.”

ಅವರು ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿದರು. ಆಮೇಲೆ ನಡೆದದ್ದನ್ನು ಹೇಳಿದರು. ಕೌದಳ್ಳಿಯ ಪಡ್ಡೆ ಹುಡುಗರು ಆ ಪದ ಕಲಿತುಬಿಟ್ಟಿದ್ದರು. ಕೆಂಪಮ್ಮ ಮಿಲ್ಲಿಗೆ ಹೋದರೆ ಹಿಂದಿನಿಂದ ಕಾಲು ಎಳೆದುಕೊಂಡು ಹಾಡುತ್ತಿದ್ದರು. ಕೆಂಪಮ್ಮ ಸೊಸೆಯನ್ನು ತವರಿಗೆ ಕಳಿಸಿದ್ದರು. ಗಂಡ ಮಾದೇಶ ತಾಯಿಗೆ ಎದುರಾಡುವವನಲ್ಲ. ಅವನಿಗೆ ಬೇರೆ ಹೆಣ್ಣು ನೋಡುವ ಮಾತೂ ಎದ್ದಿತ್ತು.

 ಒಂದು ಕಾರ್ಡಿಗಾಗಿ ಒಂದು ಮದುವೆ ಮುರಿಯುತ್ತಿತ್ತು. ಆದರೂ ಪುಕ್ಕಲ ಬುದ್ಧಿ ನೋಡಿ, ತಪ್ಪನ್ನು ಅವರ ಮೇಲೆ ಹಾಕಲು ಹೊರಟೆ. “ಪೋಲಿ ಪದ ಅಂದಮೇಲೆ ಬೇಜಾರಾಗದೆ ಇರುತ್ತದೆಯೇ ಅಮ್ಮ” ಎಂದೆ.

ಆಗ ಅವರು ಎದ್ದು ನಿಂತರು. “ನಾ ಯಾವತ್ತೂ ಪೋಲಿ ಪದ ಆಡಿಲ್ಲ ಕಣಪ್ಪ. ನಾ ಆಡಿದ್ದು ಬೀಗರ ಪದ. ಚಪ್ರದಲ್ಲಿ ಉಟ್ಟಿ ಚಪ್ರದಲ್ಲೇ ಸಾಯೋದು ಅದು. ಎದ್ರು ಕುಂತೋಳು ತಿರುಗ್ಸಿ ಆಡ್ತಾಳ, ಅಲ್ಲಿಗ್ ಸರಿಯಾಯ್ತು. ಗೂಟ ಕಿತ್ತು ಊರ್ ಮ್ಯಾಲ ಬುಟ್ಟೋನು ನೀನು. ಅದ ಪೋಲಿ ಮಾಡ್ದೋನು ನೀನು.”

ಯಳಂದೂರಿನ ಮುದುಕ ಹೇಳಿದ್ದು ನನಗೆ ಆಗ ನೆನಪಾಯಿತು. ದನ ಕೆಟ್ಟದ್ದಲ್ಲ, ಕಟ್ಟಿದವನು ಸರಿಯಾಗಿ ಕಟ್ಟಲಿಲ್ಲ. ಚಪ್ಪರದಲ್ಲಿ ನನ್ನ ಭುಜ ತಟ್ಟಿ ಪೋಲಿ ಪದ ಎಂದವನು ಗಂಡಸು. ಹಾಡಿದ ಹೆಂಗಸರನ್ನು ನಾನು ಕೇಳಿಯೇ ಇರಲಿಲ್ಲ. ಪೋಲಿ ಎಂಬ ಮಾತಿನ ಮೂಲ ನಿಜವಾಗಿ ಪೋಲು ಮಾಡುವುದೋ, ತಮಿಳಿನ ಅಣಕವೋ, ಬೀದಿಗೆ ಬಿದ್ದ ದನವೋ, ಇವತ್ತಿಗೂ ಖಡಾಖಂಡಿತವಾಗಿ ಹೇಳಲಾರೆ. ಆದರೆ ಅದರ ಅರ್ಥ ಗೊತ್ತಾಯಿತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

“ಈಗೇನು ಮಾಡಬೇಕು?” ಎಂದೆ.

“ಬುಟ್ಟೋನೇ ಇಡ್ಕಂಡು ಬಂದು ಕಟ್ಬೇಕು. ನಡಿ.”

ಮರುದಿನ ಕಾಮಗೆರೆಯಿಂದ ಚಿಕ್ಕತಾಯಮ್ಮ, ಅವರ ಓರಗೆಯ ಇಬ್ಬರು ಹೆಂಗಸರು, ನಾಲ್ಕು ತೆಂಗಿನ ಗರಿ ಬಸ್ಸು ಹತ್ತಿದರು. ಗರಿ ಕಂಡು ಕಂಡಕ್ಟರ್ ಗೊಣಗಿದ. ನಾನು ಪೆಟ್ಟಿಗೆ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ, ಕೆಂಪಮ್ಮ ಪೊರಕೆ ತೆಗೆದುಕೊಂಡರೆ ಮೊದಲು ಕನ್ನಡಕ ತೆಗೆಯಬೇಕೋ ಮೊದಲು ಓಡಬೇಕೋ ಎಂದು ಯೋಚಿಸುತ್ತ ಕೂತಿದ್ದೆ.

ಕೆಂಪಮ್ಮ ಬಾಗಿಲಲ್ಲೇ ನಿಂತರು. ಒಳಗೆ ಕರೆಯಲಿಲ್ಲ. ಬೀಗಿತ್ತಿಯ ಕಡೆ ನೋಡಲೂ ಇಲ್ಲ, ನನ್ನನ್ನೇ ನೋಡಿದರು.

“ಮನ್ಸರು ಆಡಿದ್ರ ಮನ್ಸರ್‌ಗ ತಿರುಗ್ಸಿ ಆಡ್ಬೈದು. ಮಿಶಿನ್ಗ ಯಾನಂತ ತಿರುಗ್ಸಿ ಆಡಾನ ಸಾ? ಅದಕ್ಕ ಕಾಲ? ಬಾಯಲ್ಲಿ ಅಲ್ಲ? ಎಂಡ್ರ?”

“ತಪ್ಪಾಯಿತಮ್ಮ. ನೀವು ಹಾಡಿದ್ದನ್ನು ನಾನು ತುಂಬಿಕೊಳ್ಳಲೇ ಇಲ್ಲ. ನಿಲ್ಲಿಸಿಬಿಟ್ಟಿದ್ದೆ.”

ಇದು ಆಕೆಗೆ ಗೊತ್ತಿರಲಿಲ್ಲ. ಮುಖದ ಬಣ್ಣ ಬದಲಾಯಿತು. “ನಾನಾಡಿದ್ದ ಅಳಿಸ್ಬುಟ್ಟವ್ರ ಅಂದ್ಕಂಡಿದ್ದಿ. ಕಾಮಗೆರಿಯೋರು ಏಳ್ಕೊಟ್ಟು ಅಳಿಸ್ಸವ್ರ ಅಂದ್ಕಂಡಿದ್ದಿ” ಎಂದರು. ಅಷ್ಟು ದಿನದ ಸಿಟ್ಟಿನ ಬೇರು ಅಲ್ಲಿತ್ತು. ಕಾಲು ಎಳೆಯುವುದನ್ನು ಆಡಿಕೊಂಡದ್ದಲ್ಲ. ತಾನು ಬಾಯಿಲ್ಲದವಳ ಹಾಗೆ ಸುಮ್ಮನೆ ಕೂತು ಹಾಡಿಸಿಕೊಂಡೆ ಎಂದು ಮದುವೆಗೆ ಬಾರದ ಊರೆಲ್ಲ ತಿಳಿದದ್ದು.

ಚಿಕ್ಕತಾಯಮ್ಮ ಗರಿ ಹೆಗಲಿಗೇರಿಸಿದರು. “ಬಾ ಬೀಗಿತ್ತಿ, ಎಲ್ಲಿ ಕಳದದೋ ಅಲ್ಲೇ ಉಡುಕಾನ” ಎಂದು ನೇರ ಟೀ ಅಂಗಡಿಗೆ ನಡೆದರು.

ಅದೇ ಜಗುಲಿಯ ಮುಂದೆ ನಾಲ್ಕು ಗಳ ನೆಟ್ಟು ಗರಿ ಹೊದಿಸಿದೆವು. ಗಂಟು ಹಾಕಿದವನು ನಾನು, ಎರಡು ಸಲ ಬಿಚ್ಚಿಕೊಂಡಿತು. ಅದೇ ಇಪ್ಪತ್ತು ಜನ ಸೇರಿದರು, ಹಾಡಿ ಆಡಿಕೊಂಡ ಪಡ್ಡೆಗಳೂ ಬಂದರು. ಚಿಕ್ಕತಾಯಮ್ಮ ಮೊದಲಿಂದ ಹಿಡಿದರು. ಕೆಂಪಮ್ಮ ತಲೆ ತಗ್ಗಿಸಿ ಕೂತಿದ್ದರು. ಒಂದು ಪದ ಮುಗಿಯಿತು. ಎರಡು ಮುಗಿಯಿತು. ಕೆಂಪಮ್ಮ ಬಾಯಿ ಬಿಡಲಿಲ್ಲ. ರತ್ನನ ಬಾಳು ಹೋಯಿತು ಎಂದೇ ನಾನು ತೀರ್ಮಾನಿಸಿದೆ. 

ಮೂರನೆಯದು ಮುಗಿಯುವ ಮೊದಲೇ ಕೆಂಪಮ್ಮ ತಲೆ ಎತ್ತಿದರು. ಚಿಕ್ಕತಾಯಮ್ಮನ ಪದವನ್ನು ಅರ್ಧಕ್ಕೆ ಕಿತ್ತುಕೊಂಡು ತಿರುಗಿಸಿ ಹೊಡೆದರು. ಕೌದಳ್ಳಿಗೆ ಕೌದಳ್ಳಿಯೇ ಕಿರುಚಿ ನಕ್ಕಿತು. ಪಡ್ಡೆಗಳಲ್ಲಿ ಒಬ್ಬ ತನ್ನ ಮೇಲೂ ಒಂದು ಪದ ಬಿದ್ದಾಗ ಅಂಗಡಿಯ ಹಿಂದೆ ಓಡಿದ. ಏನು ಹಾಡಿದರು ಎಂದು ಬರೆಯುವುದಿಲ್ಲ. ಕೊನೆಗೆ ನನ್ನ ಮೇಲೆ ಹಾಡಿದ್ದೊಂದನ್ನು ಬರೆಯುತ್ತೇನೆ. ಎಲ್ಲವನ್ನೂ ತುಂಬಿಕೊಳ್ಳಲು ಆಕೆಯೇ ಬೆರಳು ತೋರಿಸಿ ಅಪ್ಪಣೆ ಕೊಟ್ಟಿದ್ದರು, ಆದರೆ ಇದನ್ನು ಹಾಡಿಸಿಕೊಂಡವನು ನಾನೇ:

ಪೆಟ್ಟಿಗೆ ಒತ್ತವ್ನೆ, ಪಟ್ಟಾಗಿ ಕುಂತವ್ನೆ,
ಅರ್ಧ ಪದ ಕೇಳಿ ಎದ್ದವ್ನೆ – ಮಿಶಿನಯ್ಯ
ಅರ್ಧ ಮುದ್ದೆ ಉಂಡು ಏಳ್ತಾನ?

ಎಲೆ ಅಡಿಕೆ ಬಂತು. ಇಬ್ಬರೂ ಹಾಕಿಕೊಂಡು ಎದ್ದರು. ಕೆಂಪಮ್ಮ ಸೆರಗು ಕೊಡವಿ, “ಸೊಸೀನ ನಾಳಿಕ ಕಳ್ಸು. ಈ ಮಿಶಿನಯ್ಯನ ಮಾತ್ರ ಕಳಿಸ್ಬ್ಯಾಡ” ಎಂದರು. ಬಸ್ಸಿನಲ್ಲಿ ನಾನು ಅತ್ತೆ. ಹೆಂಗಸರು ನೋಡಿಯೂ ನೋಡದ ಹಾಗೆ ಕಿಟಕಿಯ ಕಡೆ ತಿರುಗಿದರು.

ದೊಡ್ಡ ಮೇಷ್ಟ್ರಿಗೆ ಎಲ್ಲ ಒಪ್ಪಿಸಿ ಹೊಸ ಅರ್ಥದ ಕಾರ್ಡು ಕೊಟ್ಟೆ: ‘ಸಂದರ್ಭದಿಂದ ಕಿತ್ತು ಬೀದಿಗೆ ಬಿಟ್ಟ ಬೀಗರ ಪದ.’ ಕೆಲಸ ಹೋಯಿತು ಎಂದುಕೊಂಡಿದ್ದೆ. ಅವರು ಕನ್ನಡಕ ಒರೆಸಿಕೊಂಡು, “ಇದು ಅರ್ಥವಲ್ಲ ಕಣಯ್ಯ, ತಪ್ಪೊಪ್ಪಿಗೆ” ಎಂದು ಪಕ್ಕಕ್ಕಿಟ್ಟರು. ವಾರ ಕಳೆದು ಫಾರಂಗಳ ಹೊಸ ಕಟ್ಟು ಬಂತು. ಅದರಲ್ಲಿ ಒಂದು ಕಾಲಂ ಹೆಚ್ಚಾಗಿತ್ತು: ಯಾರ ಮೇಲೆ ಹಾಡಿದ್ದು, ಅವರ ಊರು, ಅವರ ಉತ್ತರ. ನನ್ನ ಕಾರ್ಡು ಅವರ ನಂತರ ಬಂದವರ ಕಾಲದಲ್ಲಿ, ಎರಡನೆಯ ಅರ್ಥವಾಗಿ ಸೇರಿತು.

ಒಂದು ಬದಿಗೆ ಚಿಕ್ಕತಾಯಮ್ಮನ ಪದ, ಇನ್ನೊಂದು ಬದಿಗೆ ಕೆಂಪಮ್ಮನ ಉತ್ತರ ಇದ್ದ ಆ ಕ್ಯಾಸೆಟ್ಟನ್ನು ಮಾತ್ರ ನಾನು ಕಚೇರಿಯ ಬೀರುವಿನಲ್ಲಿ ಬಿಡಲಾರದೆ ಹೋದೆ. ಯಾರಾದರೂ ಅರ್ಧ ಹಾಕಿ ಕೇಳಿದರೆ? ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ. ತೊಂಬತ್ತರ ದಶಕದಲ್ಲಿ ಕಾಡುಗಳ್ಳನ ಗಲಾಟೆಯಿಂದ ಆ ರಸ್ತೆಯಲ್ಲಿ ಹೆಜ್ಜೆ ಹೆಜ್ಜೆಗೂ ತಪಾಸಣೆ. ಒಂದು ಸಲ ಚೀಲ ಬಿಚ್ಚಿದ ಪೇದೆಯೊಬ್ಬ ಚೀಟಿ ಓದಿ, “ಪೋಲಿ ಪದನಾ? ಆಕ್ರಿ, ಕೇಳಾನ” ಎಂದ.  “ಹಾಕಿದರೆ ಪೂರ್ತಿ ಕೇಳಬೇಕು ಸಾರ್, ಎರಡೂ ಬದಿ. ಒಂದು ಗಂಟೆ” ಎಂದೆ. ಅವನು ಹಿಂದೆ ನಿಂತ ಬಸ್ಸುಗಳ ಸಾಲು ನೋಡಿ ಚೀಲ ವಾಪಸು ಕೊಟ್ಟ. ಪೊಲೀಸರಿಗೆ ನಾನು ಎದುರು ಹೇಳಿದ್ದು ಅದೊಂದೇ ಸಲ.

ಕೊನೆಯ ವರ್ಷಗಳಲ್ಲಿ ಕಾರ್ಡುಗಳೆಲ್ಲ ಕಂಪ್ಯೂಟರಿಗೆ ಹೋದವು, ಕ್ಯಾಸೆಟ್ಟುಗಳೂ ಹೊರಟವು. ಕೊಡಲೇಬೇಕಾಯಿತು. ಎರಡೂ ಬದಿ ಸೇರಿಸಿಯೇ ಕೇಳಿಸಬೇಕು ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿ, ಕಂಪ್ಯೂಟರಿನ ಮುಂದೆ ಕೂತ ಹುಡುಗಿ ಅದನ್ನು ಓದಿದಳೇ ಎಂದು ಮೂರು ಸಲ ಕೇಳಿ ಬೈಸಿಕೊಂಡು ಕೊಟ್ಟೆ.

ಎರಡು ಸಾವಿರದ ನಾಲ್ಕರಲ್ಲಿ ನಿವೃತ್ತನಾದೆ. ಅದೇ ವರ್ಷ ಕೌದಳ್ಳಿಯಿಂದ ಒಂದು ಲಗ್ನಪತ್ರಿಕೆ ಬಂತು. ರತ್ನ, ಮಾದೇಶರ ಮಗಳ ಮದುವೆ. ಪತ್ರಿಕೆಯ ಹಿಂದೆ ರತ್ನ ಬಾಲ್‌ಪೆನ್ನಿನಲ್ಲಿ ಬರೆದಿದ್ದಳು: ‘ಬರೀ ಕಯ್ಯಲ್ಲಿ ಬನ್ನಿ ಸಾ.’ ಉಡುಗೊರೆ ಬೇಡ ಎಂದಲ್ಲ ಅದು.

ಬರಿಗೈಯಲ್ಲಿ ಹೋದೆ. ಚಿಕ್ಕತಾಯಮ್ಮ ಆಗ ಇರಲಿಲ್ಲ, ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಬೀಗರು ಕೂತ ಮೇಲೆ ಅವರ ಜಾಗದಲ್ಲಿ ಸೆರಗು ಸಿಕ್ಕಿಸಿಕೊಂಡು ಬಂದು ಕೂತವಳು ರತ್ನ. ಆ ದಿನ ಕೊಡ ಬಿಟ್ಟು ನಿಂತಿದ್ದ ಹುಡುಗಿ ಇವಳೇನಾ ಎನ್ನಿಸುವ ಹಾಗೆ ಹಾಡಿದಳು. ಎದುರಿನವರು ತಿರುಗಿಸಿದರು. ಮತ್ತೆ ಇವಳು, ಮತ್ತೆ ಅವರು. ನನ್ನ ಬಲಗೈ ಅಭ್ಯಾಸದಿಂದ ಎಷ್ಟೋ ಸಲ ಮಗ್ಗುಲಿಗೆ ಹೋಗಿ ಚೀಲ ಹುಡುಕಿ ಬಂತು. ನನ್ನ ಕೊನೆಯ ಬಸ್ಸು ಹಾರನ್ ಹೊಡೆದು ಹೋದದ್ದು ಕೇಳಿಸಿತು.  ಆದರೂ ಏಳಲಿಲ್ಲ. ಕೊನೆಯ ಪದದವರೆಗೆ, ಎಲೆ ಅಡಿಕೆಯವರೆಗೆ ಕೂತೆ.

ಕೆಂಪಮ್ಮ ಕಂಬಕ್ಕೊರಗಿ ಕುರ್ಚಿಯಲ್ಲಿ ಕೂತಿದ್ದರು. ಕಣ್ಣು ಮಂಜಾಗಿತ್ತು, ಹಾಡುವಷ್ಟು ಉಸಿರೂ ಇರಲಿಲ್ಲ. ನನ್ನ ದನಿಯಿಂದ ಗುರುತು ಹಿಡಿದು ಕೈ ಚಾಚಿ ಹತ್ತಿರ ಕರೆದರು. ನನ್ನ ಎರಡೂ ಕೈಗಳನ್ನು ತಡವಿ ನೋಡಿದರು. ಏನೂ ಇರಲಿಲ್ಲ.

“ಪೂರ್ತಿ ಕೇಳ್ದಾ?”

“ಕೇಳಿದೆ ಕಣಮ್ಮ.”

“ಅಂಗಾರ ಓಗು, ಮುದ್ದೆ ಉಣ್ಣೋಗು.”